ಕರಾಟೆ ಅಳಿಯ, ಕುಂಗ್‌ಫು ಅತ್ತೆ

"ಕುಂಗ್‌ಫು ಏನು ಮಹಾ? ಕರಾಟೆಗೇ ಸ್ವಲ್ಪ ಎಣ್ಣೆ ಹಚ್ಚಿದ್ರೆ ಕುಂಗ್‌ಫು! ಒಂದೇ ತಿಂಗಳು. ಆಮೇಲೆ ಆ ಗುರುಗಳೇ ನನ್ನ ಹತ್ರ ಕಲಿಯೋಕೆ ಬರ್ತಾರೆ, ನೋಡ್ತಿರು!"

ಹೀಗೆಂದು ಹೆಂಡತಿಯ ಮುಂದೆ ಗುಡುಗಿದವರು ಕನ್ನಡಕದಂಗಡಿಯ ಮಾಲೀಕರು, ಕರಾಟೆಯಲ್ಲಿ ಬ್ಲಾಕ್‌ಬೆಲ್ಟ್ ಪಡೆದ ವೀರಾಗ್ರಣಿಗಳು. ಅವರು ಹೋಗುತ್ತಿದ್ದ ಕರಾಟೆ ಶಾಲೆ ಮುಚ್ಚಿ, ಅದರ ಹಾಲ್ ಸೋಫಾ ಮಳಿಗೆಯಾಗಿಬಿಟ್ಟಿತ್ತು. ಕೈಕಾಲಿಗೆ ತುಕ್ಕು ಹಿಡಿಯದಿರಲಿ ಎಂದು ಕುಂಗ್‌ಫು ಶಾಲೆಗೆ ಸೇರಲು ಹೊರಟಿದ್ದರು. ಅಲ್ಲಿಯ ಗುರುಗಳು ಇವರದೇ ಕಟ್ಟಡದಲ್ಲಿ, ಸರಿಯಾಗಿ ಕೆಳಗಿನ ಮನೆಯಲ್ಲಿ ವಾಸವಾಗಿದ್ದರು.

"ನಮ್ಮಮ್ಮನೂ ಅಲ್ಲಿಗೇ ಹೋಗೋದು," ಎಂದಳು ಹೆಂಡತಿ, ಈರುಳ್ಳಿ ಹೆಚ್ಚುತ್ತಾ.

"ಅತ್ತೆ ಹೋಗೋದು ಮಂಡಿನೋವಿಗೆ. ನಾನು ಹೋಗೋದು ಯುದ್ಧಕ್ಕೆ!"

ಯುದ್ಧಭೂಮಿಗೆ ಕಾಲಿಟ್ಟ ಕೂಡಲೇ ಗುರುಗಳು ಬ್ಲಾಕ್‌ಬೆಲ್ಟ್ ಬಿಚ್ಚಿಸಿ ಗೂಟಕ್ಕೆ ನೇತುಹಾಕಿಸಿದರು. ವೀರಾಗ್ರಣಿಗಳನ್ನು ಹೊಸಬರ ಸಾಲಿನಲ್ಲಿ ನಿಲ್ಲಿಸಿದರು. ಆ ಸಾಲನ್ನು ತಿದ್ದುವುದು ಹಳೆಯ ವಿದ್ಯಾರ್ಥಿಗಳ ಕೆಲಸ. ಅಂದರೆ ಯಾರ ಕೆಲಸ? ಸಾಕ್ಷಾತ್ ಅತ್ತೆಯವರದು! ಮನೆಯಲ್ಲಿ "ಅಳಿಯಂದ್ರೇ, ಇನ್ನೊಂದು ಸ್ವಲ್ಪ ಬಡಿಸ್ಲಾ?" ಎಂದು ಉಪಚರಿಸುವ ಅದೇ ಅತ್ತೆ ಇಲ್ಲಿ ತೆಳ್ಳನೆಯ ಬೆತ್ತ ಹಿಡಿದು ಹಿಂದೆ ಮುಂದೆ ಓಡಾಡುತ್ತಿದ್ದರು.

"ಭುಜ ಇಳಿಸಿ. ಮುಷ್ಟಿ ಬಿಚ್ಚಿ. ಕೂಗ್ಬೇಡಿ, ಇಲ್ಲಿ ಯಾರೂ ಕಿವುಡರಿಲ್ಲ."

ವರ್ಷಗಟ್ಟಲೆ "ಕಿಯಾ!" ಎಂದು ಅಬ್ಬರಿಸಿ ನೆಟ್ಟಗೆ ಗುದ್ದಿದ ದೇಹ ಅದು. ಇಲ್ಲಿ ಎಲ್ಲವೂ ದುಂಡಗೆ, ಎಲ್ಲವೂ ಮೆತ್ತಗೆ. ಎದುರಾಳಿ ತಳ್ಳಿದರೆ ತಿರುಗಿ ತಳ್ಳುವ ಹಾಗಿಲ್ಲ, ಅಂಗೈ ಅಂಟಿಸಿಕೊಂಡು ಅವನ ಜೊತೆಗೇ ಹೋಗಬೇಕಂತೆ! ಅಳಿಯಂದಿರಿಗೆ ತಲೆಬುಡ ಅರ್ಥವಾಗಲಿಲ್ಲ. ಅತ್ತೆಯ ಜೊತೆ ಅಭ್ಯಾಸಕ್ಕೆ ನಿಂತಾಗ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದರು. ಅತ್ತೆ ಸೊಂಟವನ್ನು ಒಂಚೂರು ತಿರುಗಿಸಿದರು, ಅಷ್ಟೇ. ಅಳಿಯ ಅವರ ಪಕ್ಕದಿಂದ ಹಾದು, ಕಿಟಕಿಯ ಮುಂದೆ ಸಾಗಿ, ಚಪ್ಪಲಿ ಗೂಡಿನ ಮೇಲೆ ಹೋಗಿ ಮಂಡಿಯೂರಿದರು.

ಶಾಲೆಯವರು ನಕ್ಕದ್ದು ಹಾಗಿರಲಿ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅದನ್ನೇ ಮಗಳಿಗೆ ಅಭಿನಯಿಸಿ ತೋರಿಸಿದರು! ಅಳಿಯಂದಿರಿಗೆ ನಿಜವಾಗಿಯೂ ಹೊಟ್ಟೆ ಉರಿದುಹೋಯಿತು. ಭಾನುವಾರ ಗುರುಗಳು ಕೆಲವರನ್ನು ತಾವೇ ಕಲಿಸುವ ಎರಡನೆಯ ಸಾಲಿಗೆ ಏರಿಸುವವರಿದ್ದರು. ಏನೇ ಆಗಲಿ, ಅತ್ತೆಯ ಬೆತ್ತದಿಂದ ಪಾರಾಗಲೇಬೇಕು ಎಂದು ಅವರು ಪಣ ತೊಟ್ಟರು.

ಶನಿವಾರ ಮಧ್ಯಾಹ್ನ ಹೆಂಡತಿ ದಪ್ಪ ಕಂಬಳಿಯೊಂದನ್ನು ವಾಷಿಂಗ್ ಮಷೀನಿಗೆ ತುರುಕಿ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನೀರು ಹಿಂಡುವ ಘಟ್ಟ ಬಂದದ್ದೇ ತಡ, ಮಷೀನು ಗಡಗಡ ನಡುಗುತ್ತಾ ಮೂಲೆ ಬಿಟ್ಟು ಈಚೆ ನಡೆದುಬಂತು.

"ರೀ, ಸ್ವಿಚ್ ಆಫ್ ಮಾಡ್ರೀ!"

"ಸುಮ್ನಿರೇ! ಎದುರಾಳಿ ತಾನಾಗೇ ಬಂದಿದ್ದಾನೆ!"

ಅಳಿಯಂದಿರು ಭುಜ ಇಳಿಸಿ, ಎರಡೂ ಅಂಗೈಗಳನ್ನು ಹೂವಿನಷ್ಟು ಹಗುರವಾಗಿ ಮಷೀನಿನ ಮೇಲಿಟ್ಟರು. ಅದು ತಳ್ಳಿತು, ಇವರು ಸರಿದರು. ಮತ್ತೆ ತಳ್ಳಿತು, ಮತ್ತೆ ಸರಿದರು. ಆಹಾ, ಏನು ಮೃದುತ್ವ! ಏನು ವಿನಯ! ಗುರುಗಳು ನೋಡಿದ್ದರೆ ಅಲ್ಲೇ ಅಪ್ಪಿಕೊಳ್ಳುತ್ತಿದ್ದರು. ಹೀಗೆ ಸರಿಯುತ್ತಾ ಸರಿಯುತ್ತಾ ಬೆನ್ನಿಗೆ ಗೋಡೆ ತಾಗಿತು. ಗೋಡೆ ಬಂದರೆ ಮುಂದೇನು ಎಂಬ ಪಾಠ ಇನ್ನೂ ಆಗಿರಲಿಲ್ಲ. ಮಷೀನು ಬಂದು ಮಂಡಿಚಿಪ್ಪಿಗೆ ಟಣ್ಣೆಂದು ಬಡಿಯಿತು.

ಹಳೆಯ ರಕ್ತ ಕುದಿಯಿತು. "ಕಿಯಾ!!"

ಒದೆತವೆಂದರೆ ಒದೆತ! ಮಷೀನು ಜಾರುತ್ತಾ ತನ್ನ ಮೂಲೆಗೇ ಹಿಂದಿರುಗಿ, ಅಲ್ಲಿದ್ದ ನಲ್ಲಿಯನ್ನು ಲಟಕ್ಕನೆ ಮುರಿಯಿತು. ನೀರು ಚಾವಣಿಗೆ ಚಿಮ್ಮಿತು. ಅಳಿಯಂದಿರು ಅಂಗೈಯಿಂದ ಅದುಮಿದರು, ನೀರು ಬೆರಳ ಸಂದಿಯಿಂದ ಬಂತು. ಎದೆ ಕೊಟ್ಟು ಅದುಮಿದರು, ಕಂಕುಳ ಕೆಳಗಿಂದ ಬಂತು. ನೀರಿಗೆ ಕುಂಗ್‌ಫು ಬಹಳ ಚೆನ್ನಾಗಿ ಬರುತ್ತಿತ್ತು. ಅತ್ತೆ ತಮ್ಮ ಕೋಣೆಯಿಂದ ನಿಧಾನವಾಗಿ ಬಂದು ಸ್ವಿಚ್ ಆರಿಸಿದರು, ಹೊರಗೆ ಹೋಗಿ ಮೇನ್ ವಾಲ್ವ್ ತಿರುಗಿಸಿದರು. ಅಷ್ಟರಲ್ಲಿ ನಡುಮನೆ ಕೆರೆಯಾಗಿತ್ತು.

ಬಾಗಿಲ ಗಂಟೆ ಸದ್ದು ಮಾಡಿತು. ಕೆಳಮನೆಯ ಗುರುಗಳು ನಿಂತಿದ್ದರು. ಅಂಗಿ ಮೈಗಂಟಿತ್ತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಾಸಿಗೆ ಮೇಲೆ ಮಲಗಿದ್ದೆ," ಎಂದರು ಗುರುಗಳು ಶಾಂತವಾಗಿ. "ಈಗ ಹಾಸಿಗೆಯೇ ತೇಲ್ತಿದೆ."

ಅಳಿಯಂದಿರು ಎರಡೂ ಕೈ ಜೋಡಿಸಿದರು. "ತಪ್ಪಾಯ್ತು ಗುರುಗಳೇ! ಆದ್ರೆ ಗೋಡೆ ಬರೋವರೆಗೂ ನಾನೆಷ್ಟು ಮೆತ್ತಗಿದ್ದೆ ಗೊತ್ತಾ? ದಯವಿಟ್ಟು ಆ ಹೊಸಬರ ಸಾಲಿಂದ ನನ್ನನ್ನ ಬಿಡಿಸಿ. ಎಲ್ಲರೆದುರು ಅತ್ತೆ ಕೈಲಿ ಬೈಸಿಕೊಂಡು ಮರ್ಯಾದೆ ಮೂರಾಬಟ್ಟೆ ಆಗಿದೆ!"

ಗುರುಗಳು ಒದ್ದೆ ಗೋಡೆ ನೋಡಿದರು, ನೆಗ್ಗಿದ ಮಷೀನು ನೋಡಿದರು, ಆಮೇಲೆ ಅತ್ತೆಯ ಮುಖ ನೋಡಿದರು.

"ಸರಿ. ನಾಳೆಯಿಂದ ನೀವು ಆ ಸಾಲಲ್ಲಿ ಇರಲ್ಲ."

ಅಳಿಯಂದಿರ ಕಣ್ಣಲ್ಲಿ ಆನಂದಬಾಷ್ಪ! ಗೆದ್ದೆ ಎಂಬಂತೆ ಹೆಂಡತಿಯ ಕಡೆ ಹುಬ್ಬು ಹಾರಿಸಿದರು.

"ನಮ್ಮನೆ ಚಾವಣಿ ಒಣಗೋವರೆಗೆ ಶಾಲೆ ಕಡೆಗೇ ಬರ್ಬೇಡಿ. ನಿಮಗೆ ಮನೆಪಾಠ," ಎಂದು ಗುರುಗಳು ಮೆಟ್ಟಿಲಿಳಿದರು.

"ಮನೆಪಾಠನಾ? ಯಾರ ಹತ್ರ?"

ಅತ್ತೆ ಗಂಟಲು ಸರಿಮಾಡಿಕೊಂಡರು. "ಬೆಳಗ್ಗೆ ಐದಕ್ಕೆ ಎದ್ದುಬಿಡಿ ಅಳಿಯಂದ್ರೇ. ಆಮೇಲೆ ಇನ್ಮೇಲೆ ಅತ್ತೆ ಗಿತ್ತೆ ಅನ್ಬಾರ್ದು. ಗುರುಗಳೇ ಅನ್ನಿ."