ಕಾಮಾಲೆಗೊಂದು ಕೋಲ್‌ಸ್ಲಾ

ಕೋಸು ಹೆಚ್ಚಿ ಕೆನೆ ಬೆರೆಸುವುದು. ಇಷ್ಟಕ್ಕೆ ಯಾವ ವಿದ್ಯೆ ಬೇಕು? ಎಂಜಿನಿಯರ್ ನಾನಿದ್ದೇನಲ್ಲ!

ಮದರಾಸು ಚೆನ್ನೈ ಆಗಿ ಒಂದೆರಡು ವರ್ಷ ಕಳೆದಿತ್ತು. ಟ್ರಿಪ್ಲಿಕೇನಿನ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಸುಮ ಕಾಮಾಲೆ ಹಿಡಿದು ಮಲಗಿ ಮೂರು ವಾರ. ಮಜ್ಜಿಗೆ ಅನ್ನ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದಳು. "ಸೋಮವಾರದೊಳಗೆ ಊಟ ಸೇರದಿದ್ದರೆ ಮತ್ತೆ ಡ್ರಿಪ್" ಎಂದಿದ್ದರು ಡಾಕ್ಟರು. ಸೂಜಿ ಚುಚ್ಚಲು ಅವಳ ಕೈಯಲ್ಲಿ ಜಾಗವೇ ಉಳಿದಿರಲಿಲ್ಲ.

ಶನಿವಾರ, ವಾರಪತ್ರಿಕೆಯಲ್ಲಿ ಇಂಗ್ಲಿಷರ ಹಸಿಕೋಸಿನ ಪಚಡಿ, ಬಣ್ಣಬಣ್ಣದ ಕೋಲ್‌ಸ್ಲಾ ಚಿತ್ರ ನೋಡಿ "ಚೆನ್ನಾಗಿದೆ" ಎಂದಳು. ಇದು ನನ್ನ ನೆನಪು. "ಚೆನ್ನಾಗಿದ್ಯಾ ಅಂತ ನೀವೇ ಕೇಳಿ ನೀವೇ ಹೂಂ ಅಂದ್ರಿ" ಎನ್ನುವುದು ಅವಳ ನೆನಪು. ಕಾಯಿಲೆ ಇದ್ದದ್ದು ಅವಳಿಗೆ, ನೆನಪು ತಪ್ಪಬೇಕಾದದ್ದೂ ಅವಳಿಗೇ. ಆದರೂ ನಾನು ಪಂತ ಕಟ್ಟಲಾರೆ.

ಅದಕ್ಕೆ ಮೊಟ್ಟೆಯ ಸಾಸು ಬೇಕಂತೆ. ನಮ್ಮ ಮನೆಯೊಳಗೆ ಮೊಟ್ಟೆ ಬಂದದ್ದಿಲ್ಲ. ಹಾಲಿನ ಕೆನೆಯೇ ಸಾಕೆಂದು ತೀರ್ಮಾನಿಸಿದೆ. ಡಾಕ್ಟರು ನಿಷೇಧಿಸಿದ್ದು ಎಣ್ಣೆ ಮತ್ತು ತುಪ್ಪ. ಕೆನೆಯ ಹೆಸರನ್ನೇ ಎತ್ತಿರಲಿಲ್ಲ. ಕಾನೂನು ನನ್ನ ಕಡೆಗಿತ್ತು!

ಕೋಸು ತುರಿದೆ, ಕ್ಯಾರೆಟ್ ತುರಿದೆ. ಬಣ್ಣಕ್ಕಿರಲಿ ಎಂದು ಬೀಟ್‌ರೂಟನ್ನೂ ತುರಿದೆ. ಕೆನೆಗೆ ನಿಂಬೆಹಣ್ಣು ಹಿಂಡಿದೆ. ಒಡೆಯಿತು. ಒಡೆದದ್ದು ಕಾಣದಿರಲಿ ಎಂದು ಜೋರಾಗಿ ಕಲಸಿದೆ. ಹಸಿರು, ಕಿತ್ತಳೆ, ಬಿಳಿ ಎಲ್ಲವೂ ಒಂದೇ ಕ್ಷಣದಲ್ಲಿ ಬೀಟ್‌ರೂಟಿನ ಪಕ್ಷ ಸೇರಿದವು.

ಬಾಯಿಗಿಟ್ಟೆ. ಸಪ್ಪೆ.

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕೈ. ಮೈಸೂರು ಕಡೆಯ ಕೈ ಅದು. ತುರಿದ ತರಕಾರಿ ಕಂಡರೆ ಕೋಸಂಬರಿ ಎಂದೇ ತಿಳಿದು ಒಗ್ಗರಣೆ ಸೌಟು ಹುಡುಕುತ್ತದೆ. ಎಣ್ಣೆ, ಸಾಸಿವೆ, ಇಂಗು, ಒಣಮೆಣಸಿನಕಾಯಿ. ಚೊಂಯ್!

ಕಾನೂನು ಈಗ ಯಾರ ಕಡೆಗೂ ಇರಲಿಲ್ಲ.

ಘಾಟಿಗೆ ಸುಮ ಒಳಗೆ ಕೆಮ್ಮತೊಡಗಿದಳು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದವರು, ಪಕ್ಕದ ಮನೆಯ ಪದ್ಮಾ ಮಾಮಿ ಓಡಿಬಂದರು.

"ಅಯ್ಯೋ ಕಡವುಳೇ! ಕಾಮಾಲೆಯವಳ ಮನೇಲಿ ಎಣ್ಣೆ ಕಾಸ್ತಿಯೇನೋ?"

"ಅಲ್ಲ ಮಾಮಿ, ಇದು ಇಂಗ್ಲಿಷ್ ಕೋಸಂಬರಿ..."

"ಇದಾ? ಗೋಡೆಗೆ ಬಳಿಯೋ ಪೈಂಟ್ ಮಾದಿರಿ ಇದೆ! ತಳ್ಳಿ ನಿಲ್ಲು."

ಮಾಮಿಯ ತಮಿಳಿನಲ್ಲಿ ಹಾಗೆಂದರೆ ಪಕ್ಕಕ್ಕೆ ಸರಿ ಎಂದು. ತಳ್ಳಿ ನಿಂತೆ. ಗುಡಿಸಿ ಹಾಕಲೆಂದು ನಾನು ಪಕ್ಕಕ್ಕೆ ತಳ್ಳಿದ್ದ ಚೂರುಪಾರು ಕೋಸನ್ನು ಮಾಮಿ ತೊಳೆದು, ಬೇಯಿಸಿ, ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ ಹಾಕಿದರು. ಬಣ್ಣವೇ ಇಲ್ಲದ ಪದಾರ್ಥ. ಸುಮ ಎದ್ದು ಕೂತು ನಾಲ್ಕು ಚಮಚ ತಿಂದಳು. ಐದನೆಯದಕ್ಕೂ ಬಾಯಿ ತೆರೆದಳು. ಮೊಣಕೈವರೆಗೆ ಕೆಂಪಾಗಿದ್ದ ನನ್ನನ್ನು ನೋಡಿ ನಕ್ಕಳು ಕೂಡ.

"ನಕ್ಕಿದ್ದಲ್ರೀ, ಕೆಮ್ಮಿದ್ದು" ಎನ್ನುತ್ತಾಳೆ ಈಗ. ಇರಬಹುದು.

ಒಂದು ಪಾತ್ರೆ ಕೋಲ್‌ಸ್ಲಾ ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ. ಆ ಸೆಕೆಯಲ್ಲಿ ಭಾನುವಾರ ರಾತ್ರಿಯವರೆಗೂ ಒಬ್ಬನೇ ತಿಂದೆ.

ಸೋಮವಾರ ಇಬ್ಬರೂ ಆಸ್ಪತ್ರೆಗೆ ಹೋದೆವು. ಡ್ರಿಪ್ ಏರಿಸಿದ್ದು ನನಗೆ. ಹಳದಿ ಕಣ್ಣಿನ ಸುಮ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಕಾಲು ಒತ್ತುತ್ತಿದ್ದಳು. ನರ್ಸಿಗೆ ನನ್ನ ನರ ಮೊದಲ ಸಲಕ್ಕೇ ಸಿಕ್ಕಿತು. ಆ ವಾರ ನನ್ನಿಂದ ಸರಿಯಾಗಿ ಆದ ಕೆಲಸ ಅದೊಂದೇ.