ಒಂದನೇ ತರಗತಿಯ ಮಾನಿಟರ್

ನಮ್ಮ ಸೋದರತ್ತೆಗೆ ಒಂದು ಸಲಕ್ಕೆ ಒಬ್ಬರ ಜೊತೆ ಮಾತಾಡಲು ಬರುವುದೇ ಇಲ್ಲ. ಕನಿಷ್ಠ ನಾಲ್ಕು ಜನ ಬೇಕು! ತಪ್ಪು ಅವರದಲ್ಲ ಬಿಡಿ. ನಾಗಪುರದ ಆಚೆ ಕನ್ಹಾನ್ ಹತ್ತಿರದ ಹಳ್ಳಿಯ ಮರಾಠಿ ಶಾಲೆಯಲ್ಲಿ ಒಂದೇ ಕೋಣೆ, ನಾಲ್ಕು ತರಗತಿ, ಟೀಚರ್ ಎಂದರೆ ಅತ್ತೆ ಒಬ್ಬರೇ. ಒಂದೊಂದು ತರಗತಿ ಒಂದೊಂದು ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ನಡುವೆ ಅತ್ತೆ ಟೇಬಲ್ ಫ್ಯಾನಿನ ಹಾಗೆ ತಿರುಗುತ್ತಿದ್ದರು.

ನಿವೃತ್ತರಾದರೂ ಆ ತಿರುಗಾಟ ನಿಂತಿಲ್ಲ. ಮನೆಗೆ ಬಂದ ನೆಂಟರನ್ನೂ ಗೋಡೆಗೊಬ್ಬರಂತೆ ಕೂರಿಸುತ್ತಾರೆ. ಮಾವ ಚಹಾ ಕೇಳಿದರೆ, “ತಡೀರಿ, ನಿಮ್ಮ ಪಾಳಿ ಬಂದಿಲ್ಲ. ಅಲ್ಲಿತನಾ ಪೇಪರ್ ಓದ್ರಿ, ಆಮ್ಯಾಲ ಪ್ರಶ್ನಿ ಕೇಳ್ತೀನಿ!” ಪಾಪ, ಮಾವ ನಿಜವಾಗಿಯೂ ಓದುತ್ತಾರೆ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು, ಇಷ್ಟು ಗದ್ದಲದಲ್ಲಿ ಮಕ್ಕಳು ಕಲಿಯುವುದು ಹೇಗೆ ಎಂದು ಹುಬ್ಬು ಗಂಟಿಕ್ಕಿದರು. ಅತ್ತೆ ಬಿಟ್ಟಾರೆಯೇ? “ಆಲಾತ್ ತರ್ ತಿಸರೀಚೆ ಪಾಢೇ ಘ್ಯಾ, ಸಾಹೇಬ್!” ಬಂದಿದ್ದೀರಲ್ಲ, ಮೂರನೆಯವರ ಮಗ್ಗಿ ನೋಡಿಕೊಳ್ಳಿ ಎಂದು ಸೀಮೆಸುಣ್ಣ ಕೈಗಿಟ್ಟೇಬಿಟ್ಟರು. ಹದಿನೇಳರ ಮಗ್ಗಿಯಲ್ಲಿ ಸಾಹೇಬರು ತಡವರಿಸಿದಾಗ ತಿದ್ದಿದ್ದು ಯಾರು? ಬೇರೆ ಗೋಡೆಗೆ ಮುಖ ಮಾಡಿದ್ದ ಎರಡನೇ ತರಗತಿ! ದಿನವೂ ಕಿವಿಗೆ ಬಿದ್ದದ್ದು ಬಾಯಿಗೂ ಬಂದಿತ್ತು.

ಆ ಶಾಲೆಯಲ್ಲಿ ನಾನೂ ಓದಿದ್ದೇನೆ. ಸೈನ್ಯದಲ್ಲಿದ್ದ ಅಪ್ಪನನ್ನು ಗಡಿಗೆ ಕಳಿಸಿದ ವರ್ಷ ಧಾರವಾಡದಿಂದ ಬಂದು ಅತ್ತೆಯ ಮನೆಯಲ್ಲಿದ್ದು ನಾಲ್ಕನೇ ತರಗತಿಗೆ ಸೇರಿದ್ದೆ. ಮರಾಠಿಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಮೊದಲ ದಿನವೇ ಅತ್ತೆ ನನ್ನನ್ನು ಒಂದನೇ ತರಗತಿಯ ಮಾನಿಟರ್ ಮಾಡಿದರು! “ಬರಂಗಿಲ್ಲಂದ್ರ ಏನಾತು? ನಾ ಹೇಳ್ತೀನಿ, ನೀ ಅವರಿಗೆ ಹೇಳು.” ಕೈಯಲ್ಲಿ ಕೋಲು, ಎದುರಿಗೆ ಚಿಳ್ಳೆಪಿಳ್ಳೆಗಳು. ನನ್ನ ಗತ್ತೇನು, ಗಾಂಭೀರ್ಯವೇನು! ದೀಪಾವಳಿಯ ಹೊತ್ತಿಗೆ ನಾಲ್ಕನೇ ತರಗತಿಯ ಪಾಠವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ನಾನು ಹುಟ್ಟಾ ನಾಯಕಿ ಎಂದು ಇಷ್ಟು ವರ್ಷ ಕೊಚ್ಚಿಕೊಂಡಿದ್ದೇನೆ. ಕೇಳಿ ಕೇಳಿ ಮಗಳಿಗಂತೂ ಸಾಕಾಗಿದೆ.

ಮದುವೆಯಾಗಿ ನಾನು ನೆಲೆಸಿದ ನಾಗಪುರದಲ್ಲೇ ಹುಟ್ಟಿದ ಆ ಮಗಳಿಗೆ ಕನ್ನಡ ಓದಲು ಬಾರದು. ಹೋದ ವಾರ ನೆಂಟರೆದುರು ಯಾರೋ ಓದಿಸಲು ಹೋದಾಗ ತಡವರಿಸಿ, ಅವಳು ಕಣ್ಣು ತುಂಬಿಕೊಂಡು ಒಳಗೆ ಓಡಿದ್ದಳು. ಅಂದಿನಿಂದ ಕನ್ನಡ ಪುಸ್ತಕ ಮುಟ್ಟಲೊಲ್ಲಳು. ಮೊನ್ನೆ ಮಾವನ ಜೊತೆ ಬಂದ ಅತ್ತೆ ಅವಳನ್ನು ಏನೂ ಕೇಳಲಿಲ್ಲ. ಪಕ್ಕದ ಮನೆಯ ಪುಟ್ಟ ಮರಾಠಿ ಹುಡುಗಿಯನ್ನು ಕರೆತಂದು ಗೋಡೆಗೆ ಮುಖ ಮಾಡಿ ಕೂರಿಸಿದರು.

“ಈಕಿ ಕನ್ನಡ ಕಲೀತಾಳಂತ. ನೀ ಮಾನಿಟರ್.”

“ಆಜೀ, ಮಲಾಚ್ ಯೇತ್ ನಾಹೀ!” ನನಗೇ ಬರುವುದಿಲ್ಲ ಎಂದು ಮಗಳು ಮುಖ ಸಣ್ಣದು ಮಾಡಿದಳು.

“ಬರಂಗಿಲ್ಲಂದ್ರ ಏನಾತು? ನಾ ಹೇಳ್ತೀನಿ, ನೀ ಆಕಿಗೆ ಹೇಳು.”

ಅಡುಗೆಮನೆಯಲ್ಲಿ ನನ್ನ ಕೈ ಹಾಗೇ ನಿಂತಿತು. ಹಾಗಾದರೆ ಅತ್ತೆ ಅಂದು ನನ್ನನ್ನು ಕಲಿಯಲು ಕೂರಿಸಿದ್ದು ಒಂದನೇ ತರಗತಿಯಲ್ಲಿ, ಅದೂ ನನಗೇ ಗೊತ್ತಾಗದ ಹಾಗೆ! ಹೊರಗೆ ಮಗಳ ದನಿ ಏರಿತು. “ಅ... ಆ... ಜೋರಾಗಿ ಹೇಳು!” ಅದೇ ಗತ್ತು. ಕಣ್ಣು ತುಂಬಿ ಬಂತು. ಹೋಗಿ ಅತ್ತೆಯ ಕಾಲ ಬಳಿ ಕುಳಿತೆ.

ಅತ್ತೆ ತಲೆ ನೇವರಿಸಿದರು. “ನಿನ್ನ ಪಾಳಿ ಎಂದೋ ಮುಗದೈತಿ. ಏಳು, ನಿಮ್ಮ ಮಾಮಾಗ ಚಹಾ ಇಡು.”