ಒಬ್ಬಳೇ ಇರುವ ಕೇರಿಯ ಅಧ್ಯಕ್ಷೆ

ಒಂಟಿಯಾಗಿರುವವರ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಎಂದು ಸಂಸಾರಸ್ಥರು ಅಂದುಕೊಂಡಿದ್ದಾರೆ. ಜಪಾನಿನ ಒಕಾಜಾಕಿಯ ಸಂಶೋಧನಾ ಸಂಸ್ಥೆಗೆ ಕೆಲಸಕ್ಕೆ ಬಂದು, ಬಸ್ಸಿನಲ್ಲಿ ಒಂದು ಗಂಟೆ ದೂರದ ಗುಡ್ಡದೂರಿನಲ್ಲಿ ಮನೆ ಹಿಡಿದ ಮೇಲೆ ನನಗಂತೂ ಏನಾದರೊಂದು ನಡೆಯುತ್ತಲೇ ಇದೆ. ಜೊತೆಗೆ ನಗುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ, ಅಷ್ಟೇ.

ಪದವಿ

ಇಲ್ಲಿ ಪ್ರತಿ ಕೇರಿಗೂ ಒಬ್ಬರು ಮುಖ್ಯಸ್ಥರು, ವರ್ಷಕ್ಕೊಂದು ಮನೆಯ ಸರದಿ. ನಮ್ಮ ಕೇರಿಯಲ್ಲಿ ನನ್ನದೊಂದು ಬಿಟ್ಟು ಉಳಿದ ಮನೆಗಳಿಗೆಲ್ಲ ಬೀಗ. ಕೆಲವರು ಪಟ್ಟಣದ ಮಕ್ಕಳ ಹತ್ತಿರ ಹೋದರು, ಕೆಲವರು ತೀರಿಕೊಂಡರು. ಹಾಗಾಗಿ ನಾನು ಬಂದ ವಾರವೇ ಊರಿನ ಹಿರಿಯರೊಬ್ಬರು ಬಾಗಿಲಲ್ಲಿ ಸೊಂಟ ಬಗ್ಗಿಸಿ ನಿಂತು, ಈ ವರ್ಷದ ಸರದಿ ನಿಮ್ಮದು ಎಂದರು. ಮುಂದಿನ ವರ್ಷ ಯಾರದು ಎಂದು ಕೇಳಿದೆ. ಬೀಗ ಹಾಕಿದ ಮನೆಗಳತ್ತ ಒಮ್ಮೆ ನೋಡಿ, ಅದೂ ನಿಮ್ಮದೇ ಎಂದರು.

ಅಧ್ಯಕ್ಷೆಯಾದೆ ಎಂದು ಹೆಮ್ಮೆಯಿಂದ ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಕೇಳಿದ್ದು ಒಂದೇ ಮಾತು.

“ಕಾರು ಕೊಡ್ತಾರೇನೇ?”

ಸುತ್ತೋಲೆ

ಊರಿನ ಸುದ್ದಿಯೆಲ್ಲ ಒಂದು ಹಲಗೆಗೆ ಸಿಕ್ಕಿಸಿಕೊಂಡು ಮನೆಯಿಂದ ಮನೆಗೆ ಬರುತ್ತದೆ. ಓದಿ, ಸಹಿಯ ಬದಲು ಹೆಸರಿನ ಮೊಹರು ಒತ್ತಿ, ಪಕ್ಕದ ಮನೆಗೆ ಕೊಡಬೇಕು. ನನ್ನ ಪಕ್ಕದ ಮನೆಯೂ ನಾನೇ. ಮೊದಲ ಸಲ ತಕ್ಷಣ ವಾಪಸು ಕೊಟ್ಟೆ. ಇಷ್ಟು ಬೇಗ ಎಲ್ಲರೂ ಓದಿದರೇ ಎಂದು ಹಿರಿಯರಿಗೆ ಅನುಮಾನ. ಎಲ್ಲರೂ ಓದಿದರು, ಚರ್ಚೆಯೂ ಆಯಿತು, ಒಮ್ಮತ ಎಂದೆ. ಒಳ್ಳೆಯ ಕೇರಿ ಎಂದು ಮೆಚ್ಚಿಕೊಂಡರು.

ಆಮೇಲೆ ನಾನೇ ಹಲಗೆಯನ್ನು ತಡಮಾಡತೊಡಗಿದೆ. ತಡವಾದರೆ ಕೇಳಲು ಅವರು ಬರುತ್ತಿದ್ದರು. ಅವರನ್ನು ಬಿಟ್ಟರೆ ನನ್ನ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ಕೊನೆಗೆ ಒಂದು ದಿನ ಹಿರಿಯರು ಕಾಳಜಿಯಿಂದಲೇ ಕೇಳಿದರು: “ನಿಮ್ಮ ಕೇರಿಯಲ್ಲಿ ಈಚೆಗೆ ಒಗ್ಗಟ್ಟು ಕಡಿಮೆಯಾಗಿದೆಯೇ?”

ಕೆನಡಾದವರು

ನಮ್ಮ ಊರಿಗೂ ಕೆನಡಾದ ಒಂದು ಹಳ್ಳಿಗಾಡಿನ ಸೀಮೆಗೂ ಹಳೆಯ ಸ್ನೇಹವಂತೆ. ಅಲ್ಲಿಂದ ನಾಲ್ಕಾರು ಜನ ಬಂದರು. ನೀವೂ ಹೊರದೇಶದವರೇ ಅಲ್ಲವೇ ಎಂದು ನನ್ನನ್ನು ದುಭಾಷಿ ಮಾಡಿದರು.

ಬಂದವರಲ್ಲಿ ಒಬ್ಬ ಅಜ್ಜಿ ತಮ್ಮ ಸೀಮೆಯ ಕೇರಿಗಳು ಹುಟ್ಟಿದ ಕಥೆ ಹೇಳಿದರು. ಸ್ಕಾಟ್ಲೆಂಡಿನವರು ಹೊಳೆಗೆ ಹಿಟ್ಟಿನ ಗಿರಣಿ ಹಾಕಿದರು, ಅಲ್ಲೊಂದು ಕೇರಿ. ಐರ್ಲೆಂಡಿನವನೊಬ್ಬ ದಾರಿ ಕೂಡುವಲ್ಲಿ ಕಮ್ಮಾರಸಾಲೆ ಇಟ್ಟ, ಅಲ್ಲೊಂದು. ಜರ್ಮನಿಯವರು ಚರ್ಚು ಕಟ್ಟಿದರು, ಅಲ್ಲಿ ಇನ್ನೊಂದು. ಈಗ ಗಿರಣಿ ಕೇರಿಯಲ್ಲಿ ಎಷ್ಟು ಜನ ಎಂದು ನಮ್ಮ ಹಿರಿಯರು ಕೇಳಿದರು.

“ಗಿರಣಿ ಬಿತ್ತು, ಪೋಸ್ಟಾಫೀಸು ಮುಚ್ಚಿತು. ಊರಿನ ಹೆಸರಿನ ಬೋರ್ಡಿದೆ, ನಾನಿದ್ದೇನೆ,” ಎಂದರು ಅಜ್ಜಿ.

ನಾನು ದುಭಾಷಿ ಎನ್ನುವುದೇ ಮರೆತುಹೋಯಿತು. ನನಗೆ ಬೋರ್ಡೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಾವಿಬ್ಬರೂ ನಗುತ್ತ ಕೂತರೆ ಸಭೆಯೆಲ್ಲ ಅನುವಾದಕ್ಕೆ ಕಾಯುತ್ತಿತ್ತು.

ಸಂಜೆ ಅಜ್ಜಿಯನ್ನು ಮನೆಗೆ ಕರೆದೆ. ಎರಡು ಕೇರಿಗಳ ಸಮಸ್ತ ನಾಗರಿಕರೂ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿಂದರು.

ಚರಂಡಿ

ಅಜ್ಜಿ ಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಎನಿಸಿತು. ತಡೆಯಲಾರದೆ ಸುತ್ತೋಲೆಯ ಫೋಟೋ ತೆಗೆದು, ಇಂಗ್ಲಿಷಿನಲ್ಲಿ ಅರ್ಥ ಬರೆದು ಅಜ್ಜಿಗೆ ಕಳಿಸಿದೆ. ಓದಿದ್ದೇನೆ ಎಂದು ಸಹಿ ಬಂತು. ಅಂದಿನಿಂದ ಅದೇ ರೂಢಿ.

ಚಳಿಗಾಲ ಮುಗಿಯುತ್ತಲೇ ಊರವರೆಲ್ಲ ಸೇರಿ ಚರಂಡಿ ಬಳಿಯುವ ಭಾನುವಾರ ಬಂತು. ಮನೆಗೊಬ್ಬರು ಬರಲೇಬೇಕು. ಆ ಸುತ್ತೋಲೆಯನ್ನೂ ಕಳಿಸಿದ್ದೆ. ಇಲ್ಲಿ ಇನ್ನೂ ಹಿಮ, ಬರಲಾಗುವುದಿಲ್ಲ, ಕ್ಷಮಿಸಿ ಎಂದು ಉತ್ತರ ಬಂದಿತ್ತು. ಹಿರಿಯರು ನಗಲಿ ಎಂದು ಅದನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ. ಸಲಿಕೆ ಊರಿಕೊಂಡು ನಿಂತರು.

“ಪ್ರತಿ ಸುತ್ತೋಲೆಯನ್ನೂ ಓದುತ್ತಾರೆಯೇ?”

ಓದುತ್ತಾರೆ ಎಂದೆ.

“ಬರಲಾಗದಿದ್ದರೆ ಮೊದಲೇ ತಿಳಿಸುತ್ತಾರೆಯೇ?”

ತಿಳಿಸಿದ್ದಾರಲ್ಲ ಎಂದೆ.

“ಹಾಗಾದರೆ ಅವರು ನಿಮ್ಮ ಕೇರಿಯವರೇ,” ಎಂದು ಹಿರಿಯರು ಮತ್ತೆ ಚರಂಡಿಗೆ ಬಗ್ಗಿದರು. “ಮುಂದಿನ ವರ್ಷದ ಸರದಿ ಅವರದು. ಹೇಳಿಬಿಡಿ.”